ಹರಕೆಯ ಹಾಡು ಬಾನುಲಿಗೆ ಬಂದಾಗ

ಮಲೆ ಮಾದಪ್ಪನ ಕಥೆಯಲ್ಲಿ ದೇವರೇ ಕೂತು ರಾಗಿ ಬೀಸುವ ಪ್ರಸಂಗವಿದೆ. ಅದು ನಡೆಯುವುದು ಯಾವುದೋ ಕಾಣದ ಲೋಕದಲ್ಲಲ್ಲ, ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದಲ್ಲಿ. ತಿ. ನರಸೀಪುರ, ನಂಜನಗೂಡು ಸೀಮೆಯ ಜನಕ್ಕೆ ಇದು ನೆರೆಯೂರಿನ ಸಮಾಚಾರ. ಶಿವರಾತ್ರಿ ಬಂತೆಂದರೆ ಈ ಕಡೆಯಿಂದ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಡುವವರು ಇವತ್ತಿಗೂ ಇದ್ದಾರೆ.

ಆ ಕಥೆಯನ್ನು ಹಾಡುವವರು ದೇವರಗುಡ್ಡರು. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರನ್ನು ಹಾಡುವವರು ನೀಲಗಾರರು. ಇಬ್ಬರಿಗೂ ಹಾಡು ಕಸುಬಾಗುವ ಮೊದಲು ದೀಕ್ಷೆ. ಹರಕೆ ಹೊತ್ತ ಮನೆಯವರು ಮಗನೊಬ್ಬನನ್ನು ದೇವರಿಗೆ ಬಿಡುತ್ತಾರೆ. ಗುರು ಅವನ ಕೊರಳಿಗೆ ರುದ್ರಾಕ್ಷಿ, ಕೈಗೆ ಕಂಸಾಳೆ ಅಥವಾ ತಂಬೂರಿ, ಹೆಗಲಿಗೆ ಜೋಳಿಗೆ ಕೊಡುತ್ತಾನೆ. ಅಲ್ಲಿಂದಾಚೆಗೆ ಹಾಡುವುದೂ ಭಿಕ್ಷೆ ಬೇಡುವುದೂ ಒಂದೇ ಸೇವೆ. ಹರಕೆಯ ಮನೆಯಲ್ಲಿ ದೀಪ ಹಚ್ಚಿಟ್ಟು ಕಥೆಗೆ ಕೂತರೆ ಬೆಳಗಾಗಬೇಕು. ಶರಣೆ ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು ಎಂದು ಸಾಲುಸಾಲಾಗಿ ಸಾಗುವ ಕಥೆಗೆ ಹಿಮ್ಮೇಳದವರು ಸೊಲ್ಲು ಕೊಡುತ್ತಾರೆ. ಕೇಳುವವರೂ ‘ಉಘೇ ಉಘೇ’ ಎಂದು ದನಿಗೂಡಿಸುತ್ತಾರೆ.

ಇಂಥ ಹಾಡು ಸ್ಟುಡಿಯೊದ ಬಾಗಿಲು ಮುಚ್ಚಿದ ಕೋಣೆಯಲ್ಲಿ, ದೀಪವಿಲ್ಲದೆ, ಹರಕೆ ಹೊತ್ತವರಿಲ್ಲದೆ, ಗಡಿಯಾರದ ಮುಳ್ಳು ನೋಡುತ್ತ ನಡೆದರೆ ಅದು ಸೇವೆಯೇ? ರೇಡಿಯೊದಲ್ಲಿ ಅದನ್ನು ಕೇಳಿದವನಿಗೆ ಕಥೆ ಕೇಳಿದ ಪುಣ್ಯ ಬರುತ್ತದೆಯೇ? ಭಕ್ತಿ ನಾದದಲ್ಲಿದೆಯೋ, ಹಾಡುವವನಿಗೂ ಕೇಳುವವನಿಗೂ ಇರುವ ಋಣದಲ್ಲಿದೆಯೋ?

ಈ ಪ್ರಶ್ನೆ ಏಳಲು ಮೈಸೂರಿಗಿಂತ ತಕ್ಕ ಊರಿಲ್ಲ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 1935ರ ಸೆಪ್ಟೆಂಬರ್ 10ರಂದು ಬಾನುಲಿ ಪ್ರಸಾರ ಆರಂಭಿಸಿದರು. ಮೈಸೂರಿನ ಈ ಕೇಂದ್ರಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. 1955ರಲ್ಲಿ ಕೇಂದ್ರ ಬೆಂಗಳೂರಿಗೆ ಹೋಯಿತು. 1974ರಲ್ಲಿ ಮೈಸೂರಿಗೆ ಮತ್ತೆ ತನ್ನದೇ ನಿಲಯ ಬಂತು. ಕಂಸಾಳೆಯ ಪದ, ತಂಬೂರಿಯ ಪದ ಅಲ್ಲಿಂದ ಹಳ್ಳಿಹಳ್ಳಿಗೆ ಹರಿದವು. ಅದೇ ಹೊತ್ತಿಗೆ ವಿದ್ವಾಂಸರೂ ಹಾಡುಗಾರರ ಮುಂದೆ ಕೂತಿದ್ದರು. ಅವರು ಹಾಡಿದ ಮಾದೇಶ್ವರ ಕಾವ್ಯವನ್ನು ಪಿ.ಕೆ. ರಾಜಶೇಖರ ಸಂಪಾದಿಸಿ ಪ್ರಕಟಿಸಿದರು. ಪುಸ್ತಕ ಕಥೆಯನ್ನು ಓದುವವರಿಗೆ ಉಳಿಸಿತು. ರೇಡಿಯೊ ಅದನ್ನು ಅಕ್ಷರ ಬಾರದವರ ಮನೆಗೂ ಒಯ್ದಿತು.

ಒಯ್ದ ಬಗೆಯಲ್ಲೇ ಒಂದು ಧರ್ಮದ ಕೆಲಸವಿತ್ತು. ನೀಲಗಾರರಲ್ಲಿ ದಲಿತರು ಬಹಳ. ಎಷ್ಟೋ ಮನೆಗಳಲ್ಲಿ ಅವರ ತಂಬೂರಿ ಜಗಲಿಯಿಂದಾಚೆಗೇ ನಿಲ್ಲಬೇಕಿತ್ತು. ಅದೇ ದನಿ ರೇಡಿಯೊದ ಮೂಲಕ ನಡುಮನೆಗೆ ಬಂತು, ಅಡುಗೆಮನೆಗೂ ಬಂತು. ಮಂಟೇಸ್ವಾಮಿ ಕಥೆಯ ಜೀವಾಳವೂ ಹೊಸ್ತಿಲೇ. ಮೈ ಕೊಳೆತು ನಾರುವ ಭಿಕ್ಷುಕನ ವೇಷದಲ್ಲಿ ಗುರು ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಒಳಗೆ ಬಿಟ್ಟುಕೊಳ್ಳುವವರು ಯಾರು ಎಂಬುದೇ ಅಲ್ಲಿ ಶರಣರ ಪರೀಕ್ಷೆ. ಹಾಡುವವನ ಜಾತಿ ಕೇಳದೆ ಹಾಡನ್ನು ಒಳಗೆ ಕರೆದುಕೊಂಡ ಮಟ್ಟಿಗೆ ಬಾನುಲಿ ಆ ಕಥೆಗೆ ನಿಷ್ಠವಾಗಿ ನಡೆದುಕೊಂಡಿತು.

ಆದರೆ ದನಿ ಒಳಗೆ ಬಂತೇ ಹೊರತು ಮನುಷ್ಯ ಹೊರಗೇ ಉಳಿದ. ಜಂಗಮ ಮನೆಬಾಗಿಲಿಗೆ ಬಂದಾಗ ಮನೆಯವರು ಎದ್ದು ಹೋಗಿ ಮೊರದಲ್ಲಿ ರಾಗಿ ತಂದು ಜೋಳಿಗೆಗೆ ಸುರಿಯಬೇಕು. ಆ ಎದ್ದು ಹೋಗುವುದರಲ್ಲೇ ಭಕ್ತಿಯಿದೆ. ರೇಡಿಯೊ ಕೇಳುವವನು ಏಳಬೇಕಿಲ್ಲ, ಕೊಡಬೇಕಿಲ್ಲ. ಎಲ್ಲರ ಪರವಾಗಿ ಸಂಭಾವನೆಯ ಚೆಕ್ಕನ್ನು ನಿಲಯವೇ ಕೊಡುತ್ತದೆ. ಬೆಳಗಿನವರೆಗೆ ಹರಿಯಬೇಕಾದ ಸಾಲು ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಸಂಕಮ್ಮ ಗಂಡನ ಶಂಕೆಯಿಂದ ಪಟ್ಟ ಪಾಡು ಕೇಳುಗರ ಎದೆಗಿಳಿಯಲು ರಾತ್ರಿಯ ಜಾವಗಳೇ ಬೇಕು.

ಐರ್ಲೆಂಡಿನಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿತ್ತು. ಮೈಸೂರಿನಲ್ಲಿ ಬಾನುಲಿ ಹುಟ್ಟಿದ 1935ರಲ್ಲೇ ಅಲ್ಲಿ ಸಾರ್ವಜನಿಕ ನೃತ್ಯಶಾಲೆಗಳ ಕಾಯ್ದೆ ಬಂತು. ಪಾದ್ರಿಗಳೂ ಪೊಲೀಸರೂ ಅದನ್ನು ಹಿಡಿದು ಹಳ್ಳಿಮನೆಗಳ ಹಾಡು-ಕುಣಿತಗಳನ್ನು ಅಡಗಿಸಿದರು. ಧರ್ಮದ ಹೆಸರಿನಲ್ಲಿ ಅಡುಗೆಮನೆಯಿಂದ ಹೊರಬಿದ್ದ ಸಂಗೀತಕ್ಕೆ ನೆರಳಾದದ್ದರಲ್ಲಿ ರೇಡಿಯೊ ಒಂದು. 1950ರ ದಶಕದ ನಡುವಿನಿಂದ ರೇಡಿಯೊದ ಕಿಯರಾನ್ ಮಾಕ್ ಮಹೂನಾ ಧ್ವನಿಮುದ್ರಣದ ವಾಹನದೊಡನೆ ಊರೂರಿಗೆ ಹೋಗಿ ಪಿಟೀಲು, ಕೊಳಲು ನುಡಿಸುವವರನ್ನು ಅವರ ಮನೆಗಳಲ್ಲೇ ಮುದ್ರಿಸಿಕೊಂಡರು. 1950ರ ಆಗಸ್ಟ್ 15ರಿಂದ ಪ್ರಾರ್ಥನೆಗೆ ಕರೆಯುವ ಏಂಜಲಸ್ ಗಂಟೆಯೂ ಅದೇ ರೇಡಿಯೊದಲ್ಲಿ ಮೊಳಗತೊಡಗಿತ್ತು. ಕೇಳಿದವರು ಕೆಲಸ ನಿಲ್ಲಿಸಿ ಪ್ರಾರ್ಥಿಸಿದರೆ ಅದು ಪ್ರಾರ್ಥನೆ. ನಿಲ್ಲಿಸದಿದ್ದರೆ ಬರಿಯ ಸದ್ದು.

ಶಾನ್ ಓ ರಿಯಾದಾ ಎಂಬ ಸಂಗೀತಗಾರನ ಬದುಕಿನಲ್ಲಿ ಇದಕ್ಕೊಂದು ಉತ್ತರವಿದೆ. ರೇಡಿಯೊದ ಸಂಗೀತ ವಿಭಾಗದಲ್ಲಿ ಕೆಲಸ ಮಾಡಿದ್ದ ಆತ 1960ರ ಸುಮಾರಿಗೆ ಹಳ್ಳಿಯ ವಾದ್ಯಗಳನ್ನು ಕೂಡಿಸಿ ‘ಕ್ಯೋಲ್ತೋರಿ ಖುವಲನ್’ ತಂಡ ಕಟ್ಟಿದ. ಬಾನುಲಿ ಕಾರ್ಯಕ್ರಮಗಳಿಂದಲೇ ಅದು ಮನೆಮಾತಾಯಿತು. ಅದರಲ್ಲಿ ನುಡಿಸುತ್ತಿದ್ದ ಪ್ಯಾಡಿ ಮೊಲೋನಿ 1962ರಲ್ಲಿ ಕಟ್ಟಿದ ‘ದಿ ಚೀಫ್‌ಟನ್ಸ್’ ಲೋಕಪ್ರಸಿದ್ಧವಾಯಿತು. ಓ ರಿಯಾದಾ ಮಾತ್ರ ನಗರ ಬಿಟ್ಟು ಕೂಲ್ ಇಯಾ ಎಂಬ ಹಳ್ಳಿಗೆ ಹೋಗಿ ನೆಲೆಸಿದ. ಅಲ್ಲಿನ ಗಂಡಸರನ್ನು ಕೂಡಿಸಿ ಗಾಯನ ಮೇಳ ಕಟ್ಟಿದ. ಆ ಊರಿನ ಇಗರ್ಜಿಯ ಪೂಜೆಗೆ ಐರಿಷ್ ನುಡಿಯಲ್ಲಿ ಸಂಗೀತ ರಚಿಸಿದ. ಬಾನುಲಿಯಿಂದ ಬೆಳೆದವನು ಕೊನೆಗೆ ಜನ ಕೂಡಿ ಹಾಡುವ ಜಾಗಕ್ಕೇ ಮರಳಿದ.

ಮರಳುವ ಈ ದಾರಿ ತೆರೆದಿದ್ದರೆ ಬಾನುಲಿಯ ಹಾಡೂ ಸೇವೆಯ ಭಾಗವೇ. ದಾರಿ ಮುಚ್ಚಿದರೆ ಅದು ಕಾರ್ಯಕ್ರಮವಷ್ಟೇ. ರೇಡಿಯೊ ಕೇಳಿದವನು ನಾಳೆ ಹಾಡುಗಾರನನ್ನು ಮನೆಗೆ ಕರೆದರೆ, ಚಿಕ್ಕಲ್ಲೂರಿಗೋ ಕಪ್ಪಡಿಗೋ ಜಾತ್ರೆಗೆ ಹೋಗಿ ನೆಲದ ಮೇಲೆ ಕೂತು ಕೇಳಿದರೆ, ಋಣ ತಿರುಗಿ ಸಲ್ಲುತ್ತದೆ.

ಆದ್ದರಿಂದ ಮೈಸೂರು ಆಕಾಶವಾಣಿ ವರ್ಷಕ್ಕೊಂದು ಇರುಳಾದರೂ ಹರಕೆಯ ಮನೆಯಿಂದಲೇ ಇಡೀ ಕಥೆಯನ್ನು ಬಿತ್ತರಿಸಲಿ. ಹಾಡಿದವನ ಹೆಸರಿನೊಂದಿಗೆ ಅವನ ಊರನ್ನೂ ಗುರುವನ್ನೂ ಹೇಳಲಿ. ಕೇಳುವವರು ಬಾಗಿಲಿಗೆ ಬಂದ ನೀಲಗಾರನನ್ನು ಒಳಗೆ ಕರೆದು, ತಮ್ಮ ಸಾಲಿನಲ್ಲೇ ಕೂರಿಸಿ ಊಟಕ್ಕಿಡಲಿ.