ಬಣ್ಣದ ಕೆಳಗಿನ ಧರ್ಮ

ಬಣ್ಣ ಬಳಿಯುವುದೆಂದರೆ ವಸ್ತುವಿನ ನಿಜವನ್ನು ಮರೆಮಾಡುವುದೋ, ಕಾಪಾಡುವುದೋ? ಈ ಪ್ರಶ್ನೆಯು ಗ್ರಂಥಗಳನ್ನು ಓದುವಾಗ ನನಗೆ ಹುಟ್ಟಿದುದಲ್ಲ. ಕೊಡ್ಲಿಯ ನಮ್ಮ ಮನೆಯ ಹಿತ್ತಲಿನಲ್ಲಿ, ತೀರಿಹೋದ ತಂದೆಯವರ ಹಳೆಯ ಕಾರಿನ ಮುಂದೆ ಉಜ್ಜುಕಾಗದವನ್ನು ಹಿಡಿದು ಕುಳಿತಿದ್ದಾಗ ಹುಟ್ಟಿತು. ಕಾರನ್ನು ಮಾರಬೇಕಾಗಿತ್ತು. ಪಕ್ಕದ ಊರಿನ ಉಪಾಧ್ಯಾಯರೊಬ್ಬರು, ಕಾಯಿಲೆಯ ತಾಯಿಯನ್ನು ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ಯಲು ಅನುಕೂಲವಾದೀತೆಂದು ಅದನ್ನು ಕೇಳಿದ್ದರು. ಅಂಗಡಿಯವರು ಹೇಳಿದ ಖರ್ಚು ನಮ್ಮ ಕೈಗೆ ಮೀರಿದುದರಿಂದ ನಾನೂ ನನ್ನ ತಮ್ಮನೂ ಆ ಕೆಲಸವನ್ನು ಮನೆಯಲ್ಲಿಯೇ ಮಾಡತೊಡಗಿದೆವು.

ಬಣ್ಣದ ಕೆಲಸವೆಂದರೆ ಬಣ್ಣ ಹೊಡೆಯುವುದೆಂದೇ ನಾನು ತಿಳಿದಿದ್ದೆನು. ವಾಸ್ತವದಲ್ಲಿ ಅದು ಕೊನೆಯ ಒಂದು ಗಳಿಗೆಯ ಮಾತು. ಮೊದಲು ಎಣ್ಣೆ ಜಿಡ್ಡುಗಳನ್ನು ತೊಳೆಯಬೇಕು. ತುಕ್ಕನ್ನು ಹೊಳೆಯುವ ತಗಡು ಕಾಣುವವರೆಗೆ ಕೆರೆಯಬೇಕು. ತಗ್ಗುಗಳಿಗೆ ತೆಳ್ಳಗೆ ಪುಟ್ಟಿ ತುಂಬಿ 80ನೆಯ ಅಂಕಿಯ ಕಾಗದದಿಂದ ಆರಂಭಿಸಿ 180, 320 ಎಂದು ಒಂದಕ್ಕಿಂತ ಒಂದು ನಯವಾದುದರಿಂದ ತಿಕ್ಕಬೇಕು. ಅಸ್ತರು ಹೊಡೆದು ನೀರು ಹಾಕಿ ಮತ್ತೆ ತಿಕ್ಕಬೇಕು. ಅನಂತರ ಬಣ್ಣ, ಅದೂ ತೆಳುವಾಗಿ, ಪದರದ ಮೇಲೆ ಪದರ. ಒಂದು ಆರುವ ಮುನ್ನ ಮತ್ತೊಂದನ್ನು ಹೊಡೆದರೆ ಮೇಲೊಣಗಿ ಒಳಗೆ ಹಸಿಯುಳಿದು ಕೆಲಕಾಲದಲ್ಲಿ ಸುಕ್ಕೋ ಬಿರುಕೋ ಬೀಳುವುದು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ನಾವು ಒಂದು ಬಾಗಿಲನ್ನು ಕೆಡಿಸಿಕೊಂಡು ಕಲಿತೆವು. ಸೇಡಂ, ವಾಡಿಗಳ ಸಿಮೆಂಟು ಲಾರಿಗಳು ಎಬ್ಬಿಸುವ ಧೂಳು ನಮ್ಮ ಸೀಮೆಗೆ ಹೊಸದಲ್ಲ. ಹಸಿಬಣ್ಣದ ಮೇಲೆ ಅದು ಕೂತ ದಿನ ಮತ್ತೆ ತಿಕ್ಕಿದೆವು.

ಈ ಕೆಲಸದಲ್ಲಿ ಒಂದು ವಿಚಿತ್ರವುಂಟು. ಪ್ರತಿಯೊಂದು ಹಂತದ ಶ್ರಮವೂ ಮುಂದಿನ ಹಂತದ ಕೆಳಗೆ ಹೂತುಹೋಗುವುದು. ಕಡೆಗೆ ಹೊಳಪನ್ನು ಮಾತ್ರ ಲೋಕವು ಕಾಣುವುದು. ಆದುದರಿಂದಲೇ ಪ್ರಾಮಾಣಿಕತೆಗೂ ಮೋಸಕ್ಕೂ ಇಲ್ಲಿ ಸಮಾನವಾದ ಅವಕಾಶ.

ಗಾಳಿಯೂ ನೀರೂ ಸೇರಿ ಕಬ್ಬಿಣವನ್ನು ತಿನ್ನುವುವು. ಅವನ್ನು ದೂರವಿಡುವುದು ಬಣ್ಣದ ಮೊದಲನೆಯ ಧರ್ಮ. ಅಮೆರಿಕದ ಫೋರ್ಡ್ ಕಂಪನಿಯು ತನ್ನ ಮಾಡೆಲ್ ಟಿ ಕಾರನ್ನು 1914ರಿಂದ 1925ರವರೆಗೆ ಕಪ್ಪು ಬಣ್ಣವೊಂದರಲ್ಲಿಯೇ ಮಾರುತ್ತಿತ್ತು. ಅಷ್ಟರಲ್ಲಿ, 1923ರ ಸುಮಾರಿಗೆ, ಬೇಗನೆ ಆರುವ ಡ್ಯೂಕೋ ಎಂಬ ಬಣ್ಣವು ಅಲ್ಲಿ ಬಳಕೆಗೆ ಬಂದು, ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸವು ಬಹಳ ಕಡಿಮೆ ಕಾಲದಲ್ಲಿ ಮುಗಿಯತೊಡಗಿತು. ನಾನಾ ವರ್ಣಗಳು ಬೀದಿಗಿಳಿದುವು. ರಕ್ಷಣೆಯ ಕವಚವೇ ಹೀಗೆ ಅಲಂಕಾರವೂ ಆಯಿತು. ಅಲಂಕಾರದಲ್ಲಿ ದೋಷವಿಲ್ಲ. ಗಟ್ಟಿಯಾದ ತಗಡಿನ ಮೇಲೆ ಬಳಿದಾಗ ಬಣ್ಣವು ಕಾಪು. ತುಕ್ಕಿನ ಮೇಲೆ ಬಳಿದಾಗ ಅದೇ ಬಣ್ಣವು ಸುಳ್ಳು. ಡಬ್ಬಿಯೂ ಒಂದೇ, ಕೈಯೂ ಒಂದೇ.

ನಮ್ಮ ಪರೀಕ್ಷೆಯು ಬಾಗಿಲಿನ ಕೆಳಗಿನ ಹೊಸ್ತಿಲ ತಗಡಿನಲ್ಲಿ ಬಂದಿತು. ಕೆರೆಯುತ್ತಿದ್ದಾಗ ಉಪಕರಣವು ತಗಡನ್ನು ತೂರಿ ಒಳಗೆ ಹೋಯಿತು. ಆ ಭಾಗವು ಕಾರಿನ ಒಡಲಿಗೆ ಬಲವನ್ನು ಕೊಡತಕ್ಕದ್ದು. "ಅಣ್ಣಾ, ಪುಟ್ಟಿ ತುಂಬಿಬಿಡೋಣ; ಯಾರಿಗೆ ಕಾಣಬೇಕು?" ಎಂದನು ತಮ್ಮ. ನಾನು ತುಂಬಿದೆನು. ತಮ್ಮನದು ಮಾತು ಮಾತ್ರ, ಕೈ ನನ್ನದು. ಎರಡು ದಿನಗಳಲ್ಲಿ ಅದು ಕನ್ನಡಿಯಂತಾಯಿತು. ಮೇಲೆ ಥಳಕು, ಒಳಗೆ ಹುಳುಕು ಎಂದು ಮಕ್ಕಳಿಗೆ ಹೇಳಿಕೊಡುವ ನನಗೆ ಆ ಥಳಕು ಹೆಮ್ಮೆಯನ್ನೇ ತಂದಿತು.

ಆ ರಾತ್ರಿ ನಿದ್ರೆ ಬರಲಿಲ್ಲ. ಸಮಾಧಾನಗಳು ಮಾತ್ರ ಬಂದುವು. ಎಲ್ಲರೂ ಹೀಗೆಯೇ ಮಾಡುವರಲ್ಲ! ಕೊಳ್ಳುವವರು ತಾವೇ ನೋಡಿಕೊಳ್ಳಬಾರದೆ? ಬೆಲೆಯೂ ಕಡಿಮೆಯೇ ಅಲ್ಲವೆ? ಆದರೆ ಎಲ್ಲರೂ ಮಾಡುವುದರಿಂದ ತುಕ್ಕು ನಿಲ್ಲದು. ನೋಡಿಕೊಳ್ಳಲಾಗದಂತೆ ಮುಚ್ಚಿದವನೇ ನೋಡಿಕೊಳ್ಳಿರೆಂದು ಹೇಳುವುದು ಪರಿಹಾಸ. ಬೆಲೆಯ ವಿಷಯಕ್ಕೆ ಒಂದೇ ಒರೆಗಲ್ಲು: ಇದ್ದುದನ್ನು ಇದ್ದಂತೆ ಹೇಳಿದ ಮೇಲೆಯೂ ಕೊಳ್ಳುವವನು ಅದನ್ನೇ ಕೊಡುವನೆ? ಕೊಡನಾದರೆ, ಹೆಚ್ಚಿನ ಹಣವು ಅವನ ಅಜ್ಞಾನದ ಬೆಲೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಕಾರಿನ ವರ್ಣವನ್ನು ಬದಲಾಯಿಸಿದರೆ ನೋಂದಣಿ ಪತ್ರದಲ್ಲಿ ಬರೆಯಿಸಬೇಕು. ಪತ್ರದಲ್ಲಿ ಮೇಲಿನ ಬಣ್ಣಕ್ಕೆ ಜಾಗವುಂಟು. ಕೆಳಗಿನ ಪುಟ್ಟಿಗೆ ಇಲ್ಲ. ಅದನ್ನು ಬಲ್ಲವನು ಬಳಿದವನೊಬ್ಬನೇ.

ಬೆಳಗ್ಗೆ ಪುಟ್ಟಿಯನ್ನು ಒಡೆದೆವು. ಕೊಳೆತ ತಗಡನ್ನು ಕತ್ತರಿಸಿ ವೆಲ್ಡಿಂಗಿನವರಿಂದ ಹೊಸದನ್ನು ಕೂಡಿಸಿದೆವು. ಉಪಾಧ್ಯಾಯರಿಗೆ ಎಲ್ಲವನ್ನೂ ತಿಳಿಸಿದೆನು. ಅವರು ಶಾಂತವಾಗಿ ಕೇಳಿ, ಒಪ್ಪಿದ ಬೆಲೆಯಲ್ಲಿ ಮೂರು ಸಾವಿರ ರೂಪಾಯಿಗಳನ್ನು ಕಡಿಮೆ ಮಾಡಿದರು. ವೆಲ್ಡಿಂಗಿನ ಖರ್ಚೂ ನಮ್ಮದೇ. ಸತ್ಯಕ್ಕೆ ಸಂಭಾವನೆ ದೊರೆಯಿತೆಂದು ಬರೆಯಲಾರೆನು. ನನಗೆ ಕೊಂಚ ಸಂಕಟವೇ ಆಯಿತು. ಆದರೂ ಆ ಮೂರು ಸಾವಿರವು ಎಂದಿಗೂ ನನ್ನದಾಗಿರಲಿಲ್ಲವೆಂಬುದನ್ನು ಅಲ್ಲಗಳೆಯಲಾರೆನು.

ಇನ್ನೊಂದು ಋಣವು ನೆರೆಯವರದು. ಗಟ್ಟಿಗೊಳಿಸುವ ದ್ರವವನ್ನು ಸೇರಿಸಿ ಸಿಂಪಡಿಸುವ ಅನೇಕ ಬಣ್ಣಗಳಲ್ಲಿ ಐಸೊಸಯನೇಟೆಂಬ ಪದಾರ್ಥವಿದ್ದು ಉಬ್ಬಸವನ್ನು ತರಬಲ್ಲುದು. ಮುಖಕ್ಕೆ ಕಟ್ಟಿದ ಟವೆಲು ಧೂಳನ್ನು ತಡೆದೀತು, ಆವಿಯನ್ನು ತಡೆಯದು. ಆ ಬಗೆಯ ಬಣ್ಣವನ್ನು ನಾವು ತರಲೇ ಇಲ್ಲ. ತಂದ ಬಣ್ಣದ ತಿನ್ನರಿನ ಆವಿಯೂ ಒಳ್ಳೆಯದಲ್ಲವಾದುದರಿಂದ ಪಕ್ಕದ ಮನೆಯ ಮಕ್ಕಳು ಶಾಲೆಗೆ ಹೋದ ಮೇಲೆಯೇ ಹೊಡೆದೆವು. ಹಿತ್ತಲು ನಮ್ಮದು, ಗಾಳಿಯು ಎಲ್ಲರದು.

ನಮ್ಮ ಶಹಾಬಾದದ ಕಲ್ಲನ್ನು ತಿಕ್ಕಿದಾಗ ಹೊಳೆಯುವುದು ಕಲ್ಲೇ. ಮೇಲೆ ಬಳಿದ ಲೇಪವಲ್ಲ. ಕಬ್ಬಿಣಕ್ಕೆ ಆ ಭಾಗ್ಯವಿಲ್ಲ. ಮನುಷ್ಯನಿಗೂ ಬಹುಶಃ ಇಲ್ಲ. ಮಾತು, ಉಡುಪು, ಮರ್ಯಾದೆಗಳೆಂಬ ಹೊದಿಕೆಗಳು ಅವನಿಗೂ ಬೇಕು. ಹೊದಿಕೆಯನ್ನು ಹಳಿಯದೆ, ಅದರ ಕೆಳಗೆ ಕೆರೆಯಬೇಕಾದುದನ್ನು ಕೆರೆದಿರುವೆವೆ ಎಂದು ಕೇಳಿಕೊಂಡರೆ ಸಾಕು. ಆ ಕಾರು ಈಗಲೂ ನಮ್ಮೂರಿನ ರಸ್ತೆಯಲ್ಲಿ ಆಗಾಗ ಹಾದುಹೋಗುವುದು. ಅದನ್ನು ಕಂಡಾಗ ನನ್ನ ಕಣ್ಣು ಮೊದಲು ಹೊಸ್ತಿಲ ತಗಡಿನ ಕಡೆಗೇ ಹೋಗುವುದು.