ಪ್ರತೀಕಾರವುಳ್ಳ ರೋಗವೂ ವ್ರತಿಯ ವಿವೇಕವೂ

ವ್ರತನಿಯಮಗಳನ್ನು ಕೈಕೊಂಡ ಶ್ರಾವಕ-ಶ್ರಾವಿಕೆಯರಿಗೆ ದೀರ್ಘರೋಗ ಬಂದೊದಗಿದಾಗ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ‘ಇದು ಅಸಾತಾವೇದನೀಯ ಕರ್ಮದ ಉದಯ, ಸಮತೆಯಿಂದ ಸಹಿಸಿದರೆ ನಿರ್ಜರೆಯಾಗುವುದು, ದೇಹವನ್ನು ಕೊಯ್ಯಿಸಿಕೊಳ್ಳುವುದೇಕೆ?’ ಎಂಬುದು ಒಂದು. ‘ಮೊದಲು ದೇಹ ಉಳಿಯಲಿ, ವ್ರತಗಳು ಆಮೇಲೆ’ ಎಂಬುದು ಮತ್ತೊಂದು. ಎರಡರಲ್ಲಿಯೂ ಸತ್ಯಾಂಶವುಂಟು, ಆದರೆ ಯಾವುದೂ ಪೂರ್ಣಸತ್ಯವಲ್ಲ. ಗ್ರೇವ್ಸ್ ರೋಗದಿಂದ ವರ್ಷಗಟ್ಟಲೆ ಬಳಲಿ, ಥೈರಾಯ್ಡ್ ಗ್ರಂಥಿಯನ್ನು ತೆಗೆಸಬೇಕೆ ಬೇಡವೆ ಎಂದು ನಿರ್ಧರಿಸಬೇಕಾದವರ ಮುಂದೆ ಈ ಪ್ರಶ್ನೆ ಸ್ಪಷ್ಟವಾಗಿ ನಿಲ್ಲುತ್ತದೆ. ಆದುದರಿಂದ ಅದನ್ನೇ ಇಲ್ಲಿ ವಿಚಾರಿಸೋಣ.

ಕೊರಳಿನ ಮುಂಭಾಗದಲ್ಲಿರುವ ಈ ಚಿಕ್ಕ ಗ್ರಂಥಿಯು ದೇಹದ ದಹನಕ್ರಿಯೆಯ ವೇಗವನ್ನು ನಿಯಂತ್ರಿಸುತ್ತದೆ. ದೇಹದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ ಗ್ರಂಥಿಯನ್ನು ಎಡೆಬಿಡದೆ ಕೆರಳಿಸುವುದು ಗ್ರೇವ್ಸ್ ರೋಗ. ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ ಇದನ್ನು ವರ್ಣಿಸಿದನು. ಎದೆಬಡಿತ, ಕೈನಡುಕ, ಬೆವರು, ನಿದ್ರಾನಾಶ, ಉಂಡರೂ ಇಳಿಯುವ ತೂಕ ಇದರ ಲಕ್ಷಣಗಳು. ಕೆಲವರಿಗೆ ಕಣ್ಣುಗಳು ಮುಂಚಾಚುತ್ತವೆ. ಮನಸ್ಸೂ ಕಳವಳಗೊಂಡು, ಸಣ್ಣ ಮಾತಿಗೂ ಸಿಡುಕುತ್ತದೆ. ಸಾಮಾಯಿಕಕ್ಕೆ ಕುಳಿತವರಿಗೆ ಎರಡು ಗಳಿಗೆ ಸ್ಥಿರವಾಗಿರುವುದೂ ದುಸ್ತರವಾಗುತ್ತದೆ.

ಇದಕ್ಕೆ ಚಿಕಿತ್ಸೆಗಳು ಮೂರು. ಕಾರ್ಬಿಮಜೋಲಿನಂತಹ ಗುಳಿಗೆಗಳನ್ನು ಸಾಮಾನ್ಯವಾಗಿ 12ರಿಂದ 18 ತಿಂಗಳು ಕೊಡುತ್ತಾರೆ. ನಿಲ್ಲಿಸಿದ ಬಳಿಕ ಸುಮಾರು ಅರ್ಧದಷ್ಟು ಜನರಲ್ಲಿ ರೋಗ ಮರಳುತ್ತದೆ. ವಿಕಿರಣಶೀಲ ಅಯೋಡಿನ್ ಎರಡನೆಯದು. ಅದು ಗರ್ಭಿಣಿಯರಿಗೆ ಸಲ್ಲದು, ಕಣ್ಣಿನ ತೊಂದರೆಯನ್ನು ಹೆಚ್ಚಿಸಲೂಬಹುದು. ಮೂರನೆಯದು ಶಸ್ತ್ರಚಿಕಿತ್ಸೆ. ಗ್ರಂಥಿಯನ್ನು ಪೂರ್ತಿಯಾಗಿ ತೆಗೆದರೆ ಅದರ ಅತಿಸ್ರಾವ ಮರಳುವ ಭಯವಿಲ್ಲ. ಆದರೆ ಜೀವನಪರ್ಯಂತ ದಿನಕ್ಕೊಂದು ಗುಳಿಗೆ ಬೇಕು. ಧ್ವನಿಯ ನರಕ್ಕೂ, ಸುಣ್ಣಾಂಶವನ್ನು ಕಾಯುವ ಪಕ್ಕದ ನಾಲ್ಕು ಕಿರುಗ್ರಂಥಿಗಳಿಗೂ ಪೆಟ್ಟಾಗುವ ಸಂಭವವುಂಟು.

ನನ್ನ ತಂಗಿ ಒಂಬತ್ತು ವರ್ಷ ಈ ರೋಗದೊಡನೆ ಬಾಳಿದಳು. ಎರಡು ಸಲ ಗುಳಿಗೆ ನಿಲ್ಲಿಸಿದಳು. ಎರಡು ಸಲವೂ ರೋಗ ಮರಳಿತು. ಕಣ್ಣಿನ ದೆಸೆಯಿಂದ ಅಯೋಡಿನ್ ಬೇಡವೆಂದಾಯಿತು. ರೋಗ ಕೆರಳಿದಾಗಲೆಲ್ಲ ವೈದ್ಯರು ಉಪವಾಸವನ್ನು ನಿಷೇಧಿಸಿದ್ದರಿಂದ ಬಾಲ್ಯದಿಂದ ನಡೆಸಿಕೊಂಡು ಬಂದ ಚತುರ್ದಶಿಯ ನಿಯಮ ತಪ್ಪಿತು. ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಅವಳು ಕೇಳಿದ್ದು ನೋವಿನ ವಿಷಯವನ್ನಲ್ಲ. ‘ಅಣ್ಣಾ, ಒಂದು ಅಂಗವನ್ನೇ ಕೊಟ್ಟು ನೆಮ್ಮದಿ ಪಡೆಯುವುದು ದೇಹಮೋಹವಲ್ಲವೆ? ಸಹಿಸುವುದೇ ತಪಸ್ಸಲ್ಲವೆ?’ ಎಂದಳು.

ಈ ಪ್ರಶ್ನೆಗೆ ನಮ್ಮ ಪರಂಪರೆಯಲ್ಲಿಯೇ ಉತ್ತರವಿದೆ. ಸಮಂತಭದ್ರಾಚಾರ್ಯರಿಗೆ ಭಸ್ಮಕವ್ಯಾಧಿ ತಗುಲಿ, ಉಂಡದ್ದೆಲ್ಲ ಉರಿದುಹೋಗುತ್ತಿದ್ದಾಗ, ಅವರು ಗುರುಗಳಲ್ಲಿ ಸಲ್ಲೇಖನೆಯನ್ನು ಬೇಡಿದರೆಂದೂ, ಗುರುಗಳು ಒಪ್ಪದೆ, ವೇಷವನ್ನು ಬಿಟ್ಟಾದರೂ ರೋಗವನ್ನು ಕಳೆದುಕೊಂಡು ಮತ್ತೆ ದೀಕ್ಷೆ ಪಡೆಯಬೇಕೆಂದು ಆಜ್ಞಾಪಿಸಿದರೆಂದೂ ಕಥೆಯುಂಟು. ಅದೇ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಯ ಸಂದರ್ಭಗಳನ್ನು ಹೇಳುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳನ್ನು ಹೆಸರಿಸಿ, ಅವು ಪ್ರತೀಕಾರವಿಲ್ಲದವು ಆಗಿರಬೇಕೆಂದು ವಿಧಿಸಿದ್ದಾರೆ. ಪ್ರತೀಕಾರವಿರುವ ರೋಗಕ್ಕೆ ಪ್ರತೀಕಾರವನ್ನು ಹುಡುಕುವುದು ಶ್ರಾವಕನಿಗೆ ನಿಷಿದ್ಧವಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ.

ಇನ್ನೊಂದು ದೃಷ್ಟಿಯಿಂದಲೂ ನೋಡಬಹುದು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ನಮ್ಮ ಹಿರಿಯರು ನಡೆಸಿದುದಕ್ಕೆ ಶ್ರವಣಬೆಳಗೊಳದ ಶಾಸನಗಳೇ ಸಾಕ್ಷಿ. ಔಷಧವನ್ನು ಕೊಡುವುದು ಪುಣ್ಯವಾದರೆ, ಸ್ವೀಕರಿಸುವುದು ಪಾಪವಾದೀತು ಹೇಗೆ? ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ವೈದ್ಯವನ್ನು ಬೋಧಿಸುತ್ತದೆ. ಶಲ್ಯತಂತ್ರವನ್ನು ಪಾತ್ರಸ್ವಾಮಿಗಳು ಹೇಳಿದರೆಂದೂ ಸ್ಮರಿಸುತ್ತದೆ. ಶಸ್ತ್ರಚಿಕಿತ್ಸೆಯೆಂಬುದು ಜೈನಾಚಾರ್ಯರಿಗೆ ಅನ್ಯವಾದ ವಿದ್ಯೆಯಾಗಿರಲಿಲ್ಲ. ಅವರು ಕಾದದ್ದು ಔಷಧದ ಶುದ್ಧಿಯನ್ನು.

ಅಂಗವನ್ನು ಕಳೆದುಕೊಳ್ಳುವ ಭಯ ಮಾತ್ರ ನಿರಾಧಾರವಾದುದಲ್ಲ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೋಡೋರ್ ಕೋಖರ್, ಗ್ರಂಥಿಯನ್ನು ಪೂರ್ತಿ ತೆಗೆದ ತನ್ನ ರೋಗಿಗಳು ಬಾತುಕೊಂಡು ಮಂಕಾಗುತ್ತಿರುವುದನ್ನು 1883ರಲ್ಲಿ ತಾನೇ ಬಹಿರಂಗಪಡಿಸಿ, ಆ ಕ್ರಮವನ್ನು ಕೈಬಿಟ್ಟನು. ಈ ಗ್ರಂಥಿಯ ಕುರಿತ ಕಾರ್ಯಕ್ಕಾಗಿ 1909ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಕೊರತೆ ತುಂಬಲು ಮೊದಮೊದಲು ಪ್ರಾಣಿಗಳ ಗ್ರಂಥಿಯ ಸಾರವನ್ನೇ ಕೊಡುತ್ತಿದ್ದರು. 1927ರಲ್ಲಿ ಥೈರಾಕ್ಸಿನನ್ನು ರಾಸಾಯನಿಕವಾಗಿ ತಯಾರಿಸಿ ತೋರಿಸಿದರು; ಇಂದು ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಲೆವೊಥೈರಾಕ್ಸಿನ್ ಇಂತಹ ಕೃತಕ ತಯಾರಿಕೆಯೇ. ಆದರೂ ಗುಳಿಗೆಯಲ್ಲಿ ಬೆರೆಸುವ ಇತರ ಪದಾರ್ಥಗಳನ್ನೂ, ಕ್ಯಾಪ್ಸೂಲಿನ ಕವಚವನ್ನೂ ವಿಚಾರಿಸಿ ಕೊಳ್ಳುವುದು ಒಳಿತು.

ಉಪವಾಸದ ಗತಿಯೇನು? ಲೆವೊಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಆದ್ದರಿಂದ ರೋಗ ಹದಕ್ಕೆ ಬಂದವರು ಅಷ್ಟಮಿ, ಚತುರ್ದಶಿಗಳ ಒಂದು ದಿನದ ಉಪವಾಸದಲ್ಲಿ ಗುಳಿಗೆಯನ್ನು ಬಿಟ್ಟು, ಮರುದಿನ ಸೂರ್ಯೋದಯದ ಬಳಿಕ, ಪಾರಣೆಗೆ ಅರ್ಧದಿಂದ ಒಂದು ಗಂಟೆ ಮೊದಲು ನೀರಿನೊಡನೆ ಸೇವಿಸಬಹುದೆ ಎಂದು ವೈದ್ಯರನ್ನು ಕೇಳಿ ನಿಶ್ಚಯಿಸಿಕೊಳ್ಳಬಹುದು. ದಶಲಕ್ಷಣದಲ್ಲಿ ಹತ್ತು ದಿನವೂ ಬಿಡುವ ಮಾತು ಸಲ್ಲದು. ಶಸ್ತ್ರಚಿಕಿತ್ಸೆಗೆ ಮುನ್ನ ರೋಗ ಹತೋಟಿಗೆ ಬರುವವರೆಗೂ, ಆನಂತರ ಸುಣ್ಣಾಂಶ ಸಮಸ್ಥಿತಿಗೆ ಬರುವವರೆಗೂ ಉಪವಾಸ ಅಪಾಯಕರ. ಆ ದಿನಗಳಲ್ಲಿ ಸ್ವಾಧ್ಯಾಯ, ಜಪ, ರಸತ್ಯಾಗಗಳಿಂದ ಪರ್ವವನ್ನು ಆಚರಿಸಬೇಕು.

ತಂಗಿ ಗುರುಗಳ ಬಳಿಗೆ ಹೋಗಿ ತನ್ನ ನಿಯಮಗಳನ್ನು ನಿವೇದಿಸಿ, ಔಷಧಕ್ಕೆ ಅನುಮತಿ ಪಡೆದು, ಶಸ್ತ್ರಚಿಕಿತ್ಸೆಗೆ ಒಪ್ಪಿದಳು. ಕೆಲವು ವಾರ ಅವಳ ಧ್ವನಿ ಕ್ಷೀಣವಾಗಿತ್ತು. ಕಣ್ಣಿನ ತೊಂದರೆ ಇನ್ನೂ ಪೂರ್ತಿ ಹೋಗಿಲ್ಲ. ಹತ್ತು ದಿನದ ಉಪವಾಸದ ಆಸೆಯನ್ನು ಬಿಟ್ಟಿದ್ದಾಳೆ. ಚತುರ್ದಶಿಯ ಉಪವಾಸ ಮರಳಿ ಬಂದಿದೆ; ಸಾಮಾಯಿಕದಲ್ಲಿ ಕೈ ನಡುಗುವುದಿಲ್ಲ. ಇದೇ ರೋಗದ ಬೇರೊಬ್ಬರು ಗುಳಿಗೆಗಳಲ್ಲಿಯೇ ಮುಂದುವರಿಯಲು ನಿಶ್ಚಯಿಸಿದರೆ ಅವರ ವಿವೇಕವನ್ನೂ ಅಲ್ಲಗಳೆಯಲಾಗದು. ವಯಸ್ಸು, ಹೃದಯದ ಸ್ಥಿತಿ, ಗ್ರಂಥಿಯ ಗಾತ್ರ, ಕುಶಲ ವೈದ್ಯರ ಲಭ್ಯತೆ ಎಲ್ಲರಿಗೂ ಒಂದೇ ಅಲ್ಲ.

ಆದರೆ ಭಯಕ್ಕೆ ತಪಸ್ಸಿನ ಹೆಸರು ಕೊಡಬಾರದು. ಪರೀಷಹಜಯವೆಂಬುದು ಸಮತೆಯಿಂದ ಸಹಿಸುವುದು. ರೋಗದಿಂದ ಮನಸ್ಸು ಕಷಾಯಗಳಿಗೆ ವಶವಾಗುತ್ತಿರುವಾಗ ‘ಸಹಿಸುತ್ತಿದ್ದೇನೆ’ ಎನ್ನುವುದು ಆತ್ಮವಂಚನೆಯಾಗಬಹುದು. ಅಂತೆಯೇ ಗುಣಹೊಂದಿದ ದೇಹವನ್ನು ಭೋಗಕ್ಕೆ ಮಾತ್ರ ಸವೆಸಿದರೆ ಚಿಕಿತ್ಸೆಯೂ ಮೋಹಕ್ಕೆ ಸೇವೆಯಾದೀತು. ಮನೆಯವರು ರೋಗಿಯ ಶ್ರದ್ಧೆಯನ್ನು ಉಪವಾಸಗಳ ಎಣಿಕೆಯಿಂದ ಅಳೆಯದಿರಲಿ. ವೈದ್ಯರಿಗೆ ತನ್ನ ವ್ರತಗಳನ್ನೂ, ಗುರುಗಳಿಗೆ ತನ್ನ ರೋಗವನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿ, ಇಬ್ಬರ ಮಾತನ್ನೂ ಕೇಳಿ ನಿರ್ಧರಿಸುವುದೇ ಶ್ರಾವಕನಿಗೆ ಉಚಿತವಾದ ಮಾರ್ಗ.