ಭೋಗವೋ ಪ್ರಸಾದವೋ?

ಭಕ್ತನಾದವನು ಲೋಕದ ರುಚಿ ಸೊಬಗುಗಳನ್ನು ಸವಿಯಬಹುದೇ? ಒಳ್ಳೆಯ ಊಟ, ಕಣ್ಣಿಗೊಪ್ಪುವ ಉಡುಗೆ, ಜಾತ್ರೆಯ ನಾಟಕ, ರವಿವಾರದ ವಿಹಾರ ಇವೆಲ್ಲ ಗೃಹಸ್ಥನ ಸಾಧನೆಗೆ ತೊಡಕೋ ತೊಡವೋ? ಪ್ರಶ್ನೆಯು ಹಳೆಯದು, ಆದರೆ ಒಂದೊಂದು ತಲೆಮಾರಿನಲ್ಲಿಯೂ ಹೊಸದಾಗಿ ಏಳುತ್ತದೆ. ರಜೆಯ ದಿನ ಎಲ್ಲಿಗಾದರೂ ಹೋಗೋಣವೆಂದು ಮಕ್ಕಳು ಕೇಳುವರು. ಅದೆಲ್ಲ ವಿಷಯಸುಖವೆಂದು ಕೆಲವರು ಅವರ ಬಾಯಿ ಮುಚ್ಚಿಸುವರು. ಬೇರೆ ಕೆಲವರು ಹಣವನ್ನು ಕೈಗಿತ್ತು ಕಳಿಸಿ ತಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯುವರು. ಎರಡರಲ್ಲಿಯೂ ವಿಚಾರವಿಲ್ಲ. ಆದುದರಿಂದ ಈ ವಿಷಯವನ್ನು ಸಾವಧಾನದಿಂದ ಪರಾಮರ್ಶಿಸುವದು ಯುಕ್ತವಾಗಿದೆ.

ಇಂದ್ರಿಯಗಳು ಕೇವಲ ವೈರಿಗಳು, ಅವುಗಳನ್ನು ಕಟ್ಟಿಹಾಕಿದರೆ ಮಾತ್ರ ಮುಕ್ತಿ ಎಂಬುದು ನಮ್ಮ ಶಾಸ್ತ್ರದ ನಿಲುವಲ್ಲ. ಘ್ರಾಣದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ ಎಂದು ಷಟ್‌ಸ್ಥಲವು ಹೇಳುತ್ತದೆ. ಗಂಧ, ರುಚಿ, ರೂಪ, ಸ್ಪರ್ಶ, ಶಬ್ದ ಇವು ಕ್ರಮವಾಗಿ ಮೊದಲಿನ ಐದು ಲಿಂಗಗಳಿಗೆ ಸಲ್ಲತಕ್ಕ ದ್ರವ್ಯಗಳು. ಹೃದಯದ ಮಹಾಲಿಂಗಕ್ಕೆ ಸಲ್ಲುವದು ತೃಪ್ತಿ. ಈ ವ್ಯವಸ್ಥೆಯ ತಾತ್ಪರ್ಯವನ್ನು ಗಮನಿಸಬೇಕು. ನಾಲಗೆಯು ಗುರುವಿನ ಸ್ಥಾನವಾದ ಮೇಲೆ ರುಚಿಯು ತಾನಾಗಿ ಪಾಪವಾಗಲಾರದು; ಕಣ್ಣು ಶಿವನ ಸ್ಥಾನವಾದ ಮೇಲೆ ರೂಪವು ಹೇಯವಾಗಲಾರದು. ಆದರೆ ಗುರುವಿನ ಸ್ಥಾನದಲ್ಲಿ ಸಿಕ್ಕಿದ್ದನ್ನೆಲ್ಲ ತುರುಕುವ ಅಧಿಕಾರವೂ ನಮಗಿಲ್ಲ. ಪದಾರ್ಥವು ಅರ್ಪಿತವಾಗಿ ಬಂದರೆ ಪ್ರಸಾದ. ಅರ್ಪಿಸದೆ ಕೊಂಡರೆ ಬರಿಯ ಭೋಗ. ವಸ್ತು ಒಂದೇ, ಕೊಳ್ಳುವ ಭಾವದಲ್ಲಿ ಭೇದ.

ಹಾಗಾದರೆ ಅರ್ಪಿಸುವದೆಂದರೇನು? ಉಣ್ಣುವ ಮುನ್ನ ಕ್ಷಣಕಾಲ ಕಣ್ಣು ಮುಚ್ಚಿದರೆ ತೀರಿತೇ? ಅದು ಅರ್ಪಣದ ಗುರುತು ಮಾತ್ರ. ಈ ವಸ್ತು ನನ್ನ ಬಳಿಗೆ ಎಲ್ಲಿಂದ ಬಂದಿತು, ಯಾರ ಕೈಯಿಂದ ಬಂದಿತು, ಅವರಿಗೆ ನಾನು ಸಲ್ಲಿಸಬೇಕಾದುದೇನು ಎಂಬುದನ್ನು ಅರಿತು, ಸಲ್ಲಿಸಿ, ಅನಂತರ ಸವಿಯುವದೇ ಅದರ ಒಳಗಿನ ಅರ್ಥ. ಸವಿಯನ್ನು ಬಿಡಬೇಕಾಗಿಲ್ಲ, ಸವಿಯ ಋಣವನ್ನು ಮರೆಯಬಾರದು. ಈ ಲೇಖನದಲ್ಲಿ ಹೇಳಬೇಕಾದುದು ಇಷ್ಟೇ. ಮುಂದಿನದು ಇದರ ವಿವರಣೆ.

ನಮ್ಮ ಬಯಲುಸೀಮೆಯ ಒಕ್ಕಲು ಮಕ್ಕಳು ಈ ತತ್ತ್ವವನ್ನು ಗ್ರಂಥ ಓದದೆಯೇ ಬಲ್ಲರು. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು, ಈಚೆಗೆ ಟ್ರ್ಯಾಕ್ಟರು ಏರಿಯೂ, ಹಿಂಗಾರಿ ಜೋಳ ನಿಂತ ಎರೆಹೊಲಕ್ಕೆ ಹೋಗುವರು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಕಡಬು, ಪುಂಡಿಪಲ್ಯ, ಬದನೆಯ ಎಣ್ಣೆಗಾಯಿ, ಶೇಂಗಾ ಹೋಳಿಗೆಗಳ ಬುಟ್ಟಿ ಜೊತೆಗಿರುತ್ತದೆ. ಮೊದಲು ಪೂಜೆ, ಬಳಿಕ ಹೊಲದ ತುಂಬ ಚರಗ ಚೆಲ್ಲುವದು, ಆಮೇಲೆ ನೆಂಟರಿಷ್ಟರನ್ನು ಕರೆದು ಕುಳ್ಳಿರಿಸಿ ಒಟ್ಟಿಗೆ ಉಣ್ಣುವದು. ಇದರಲ್ಲಿ ವಿಹಾರವಿದೆ, ರುಚಿಯಿದೆ, ಮಕ್ಕಳ ಆಟವೂ ಇದೆ. ಆದರೆ ಕ್ರಮವನ್ನು ನೋಡಿರಿ: ಮೊದಲ ಪಾಲು ಅನ್ನ ಕೊಟ್ಟ ಮಣ್ಣಿಗೆ, ಎರಡನೆಯದು ಬಂದವರಿಗೆ, ಕೊನೆಯದು ತನಗೆ. ಈ ಕ್ರಮದಿಂದಲೇ ಊಟವು ಪ್ರಸಾದವಾಯಿತು. ಅದರ ಸವಿಯಲ್ಲಿ ಒಂದು ಕಣವೂ ಕಡಿಮೆಯಾಗಲಿಲ್ಲ. ಇಂಥ ದಿನವನ್ನೂ ವಿಷಯಸುಖವೆಂದು ಹೀಗಳೆಯುವ ಹಿರಿಯನು ವೈರಾಗ್ಯವನ್ನು ಸಾಧಿಸಿದವನಲ್ಲ. ತನ್ನ ಬೇಸರಕ್ಕೆ ವೈರಾಗ್ಯವೆಂಬ ಹೆಸರಿಟ್ಟವನು. ಅವನ ಮಕ್ಕಳೂ ಸವಿಯನ್ನು ತೊರೆಯುವದಿಲ್ಲ. ಹಿರಿಯರ ಕಣ್ಣು ತಪ್ಪಿಸಿ, ಕಲಿಸುವವರಿಲ್ಲದೆ, ಕ್ರಮವಿಲ್ಲದೆ ಸವಿಯುವರು. ನಷ್ಟವು ಅಲ್ಲಿಯೇ ಇದೆ.

ಇನ್ನು ಎರಡನೆಯ ಬಗೆಯವರನ್ನು ನೋಡೋಣ. ಬಾದಾಮಿಯಿಂದ ಸುಮಾರು 5 ಕಿಲೋಮೀಟರು ದೂರದಲ್ಲಿ ಬನಶಂಕರಿ ಇದೆ. ಅಲ್ಲಿಯ ಗುಡಿಯ ಪರಿಸರದಲ್ಲಿ ಸುತ್ತಣ ಹಳ್ಳಿಗಳ ತಾಯಂದಿರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಕೆಂಪು ಚಟ್ನಿಗಳನ್ನೂ ಮಣ್ಣಿನ ಗಡಿಗೆಯಲ್ಲಿ ಮೊಸರನ್ನೂ ತಂದು ಮಾರುತ್ತಾರೆ. ಆ ರೊಟ್ಟಿಯ ಹಿಂದೆ ಎಷ್ಟು ದುಡಿಮೆಯಿದೆ! ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಅಂಗೈಯಿಂದ ತಟ್ಟಿ ತಟ್ಟಿ ತೆಳ್ಳಗೆ ಮಾಡಿ, ಹಂಚಿನ ಮೇಲೆ ಒಂದೊಂದನ್ನಾಗಿ ಬೇಯಿಸಿ, ಹೊತ್ತುಕೊಂಡು ತಂದಿರುತ್ತಾರೆ. ಇಂಥಲ್ಲಿಗೆ ರವಿವಾರ ಕಾರಿನಲ್ಲಿ ಬಂದ ಒಬ್ಬ ಗೃಹಸ್ಥನನ್ನು ಊಹಿಸಿರಿ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ. ಎಣ್ಣೆಯ ಬಂಕಿನಲ್ಲಿ ಕೇಳಿದಷ್ಟು ಹಣವನ್ನು ಮಾತಿಲ್ಲದೆ ಕೊಟ್ಟು ಬಂದಿದ್ದಾನೆ. ರೊಟ್ಟಿಯ ಬುಟ್ಟಿಯ ಮುಂದೆ ಮಾತ್ರ ಅವನ ಚೌಕಾಶಿ ತೊಡಗುತ್ತದೆ. ಆ ತಾಯಿ ಹೇಳುವದಿಷ್ಟೇ: "ಯಪ್ಪಾ, ಇನ್ನೊಂದು ರೊಟ್ಟಿ ಬೇಕಂದ್ರ ಹಾಕತೇನಿ, ಹೊಟ್ಟಿ ತುಂಬ ಉಣ್ಣು. ರೊಕ್ಕ ಮಾತ್ರ ಕಡಿಮಿ ಮಾಡಬ್ಯಾಡ." ಈ ಮಾತಿನಲ್ಲಿ ದಾಸೋಹವೂ ಇದೆ, ಕಾಯಕದ ಮರ್ಯಾದೆಯೂ ಇದೆ. ಅದನ್ನು ಕೇಳಿಯೂ ಹತ್ತು ರೂಪಾಯಿ ಉಳಿಸಿಕೊಂಡು ಎದ್ದವನು ಉಂಡದ್ದು ರುಚಿಯಾದ ರೊಟ್ಟಿಯೇ ಇರಬಹುದು, ಪ್ರಸಾದವಂತೂ ಅಲ್ಲ.

ಊಟದ ಮಾತು ಉಡುಗೆಗೂ ಸಲ್ಲುತ್ತದೆ. ಇಳಕಲ್ಲ ಸೀರೆಯಲ್ಲಿ ಒಡಲು ಬೇರೆ, ಸೆರಗು ಬೇರೆ. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕುಣಿಕೆ ಕುಣಿಕೆಯಾಗಿ ಜೋಡಿಸಿ ನೇಯುವರು. ಅದರ ಮೇಲೆ ಧಾರವಾಡದ ಕಡೆಯ ಹೆಣ್ಣುಮಕ್ಕಳು ಕಸೂತಿ ತೆಗೆಯುವರು. ಗವಂತಿ, ಮುರಗಿ, ನೇಯ್ಗಿ, ಮೆಂಥೆ ಎಂದು ಅದರಲ್ಲಿ ನಾಲ್ಕು ಬಗೆ. ಬಟ್ಟೆಯ ಎಳೆಗಳನ್ನು ಎಣಿಸುತ್ತ ಗೋಪುರ, ತೇರು, ಆನೆಗಳನ್ನು ಮೂಡಿಸುವರು. ದಾರಕ್ಕೆ ಗಂಟು ಹಾಕುವದಿಲ್ಲ. ಗವಂತಿ ಮುರಗಿಗಳಲ್ಲಿ ಬಟ್ಟೆಯ ಒಳಮೈ ಹೊರಮೈಗಳೆರಡೂ ಒಂದೇ ರೀತಿ ಕಾಣುತ್ತವೆ. ಅಂತರಂಗ ಬಹಿರಂಗಗಳು ಒಂದಾಗಿರಬೇಕೆಂದು ನಾವು ವೇದಿಕೆಯ ಮೇಲೆ ಉಪದೇಶಿಸುತ್ತೇವೆ. ಆ ತಾಯಿ ಅದನ್ನು ಸೂಜಿಯಿಂದ ಮಾಡಿ ತೋರಿಸುತ್ತಾಳೆ. ಇಂಥ ಕೆಲಸಕ್ಕೆ ವಾರಗಳೇ ಹಿಡಿಯುತ್ತವೆ. ಯಂತ್ರದ ಅನುಕರಣವು ಅಗ್ಗವಾಗಿ ದೊರೆಯುವದರಿಂದ ಅದರ ಬೆಲೆಯನ್ನೇ ಇದಕ್ಕೂ ಕಟ್ಟಹೋಗುವದು ಅನ್ಯಾಯ. ನೇಯ್ಗೆಯನ್ನೇ ಕಾಯಕವಾಗಿ ಮಾಡಿದ ಜೇಡರ ದಾಸಿಮಯ್ಯನನ್ನು ನಾವು ಆದ್ಯರಲ್ಲಿ ಎಣಿಸಿ ವಂದಿಸುತ್ತೇವೆ. ಇಂದು ಮಗ್ಗದ ಮುಂದೆ ಕುಳಿತವನ ಕೂಲಿ ಅವನ ಹೊಟ್ಟೆಗೆ ಸಾಲುವದೇ ಎಂದು ಕೇಳದಿದ್ದರೆ ಆ ವಂದನೆಯು ಯಾರಿಗೆ ಮುಟ್ಟೀತು?

ಸವಿಯುವದಕ್ಕೂ ತನ್ನದಾಗಿಸಿಕೊಳ್ಳುವದಕ್ಕೂ ಇರುವ ಅಂತರವನ್ನು ಬಾದಾಮಿಯಿಂದ ಸುಮಾರು 22 ಕಿಲೋಮೀಟರು ದೂರದ ಪಟ್ಟದಕಲ್ಲು ಕಲಿಸುತ್ತದೆ. ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನು ಪಲ್ಲವರನ್ನು ಗೆದ್ದು ಕಂಚಿಯನ್ನು ಹೊಕ್ಕನು. ಅಲ್ಲಿಯ ರಾಜಸಿಂಹೇಶ್ವರ, ಎಂದರೆ ಇಂದಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ಕಂಡು ಸಂತೋಷಪಟ್ಟು, ಅದನ್ನು ಕೊಳ್ಳೆ ಹೊಡೆಯದೆ ದೇವರಿಗೇ ಬಿಟ್ಟುಕೊಟ್ಟನೆಂದು ಅದೇ ಗುಡಿಯಲ್ಲಿರುವ ಕನ್ನಡ ಶಾಸನವು ತಿಳಿಸುತ್ತದೆ. ಗೆದ್ದವನ ಕೈಯಲ್ಲಿ ಖಡ್ಗವಿತ್ತು, ತಡೆಯುವವರಿರಲಿಲ್ಲ. ಆದರೂ ಕಣ್ಣು ಸವಿಯಿತು, ಕೈ ಚಾಚಲಿಲ್ಲ. ಆ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಸುಮಾರು 740ರಲ್ಲಿ ಪಟ್ಟದಕಲ್ಲಿನಲ್ಲಿ ಲೋಕೇಶ್ವರ ದೇವಾಲಯವನ್ನು ಕಟ್ಟಿಸಿದಳು. ಅದೇ ಇಂದಿನ ವಿರೂಪಾಕ್ಷ. ಅದನ್ನು ನಿರ್ಮಿಸಿದ ಗುಂಡ ಅನಿವಾರಿತಾಚಾರಿಯ ಹೆಸರನ್ನೂ ಅಲ್ಲಿ ಶಾಸನದಲ್ಲಿ ಕೆತ್ತಿಸಿ ಗೌರವಿಸಲಾಗಿದೆ. ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ನೋಡಲು ಬರುವವರಿಗೆ ಕೊರತೆಯಿಲ್ಲ. ಆದರೆ ಎಷ್ಟೋ ಮಂದಿ ಮೊಬೈಲಿನಲ್ಲಿ ತಮ್ಮ ಮುಖವನ್ನೇ ಮುಂದಿಟ್ಟುಕೊಂಡು ಪಟ ತೆಗೆದು, ಕಂಬದ ಕಡೆಗೆ ಬೆನ್ನು ತಿರುಗಿಸಿಯೇ ಹಿಂದಿರುಗುತ್ತಾರೆ. ಒಂದು ಕಂಬದ ಮುಂದೆ ಕಾಲು ಗಳಿಗೆ ನಿಂತು, ಇದನ್ನು ಕಡೆದ ಕೈ ಯಾವುದೆಂದು ಮಕ್ಕಳಿಗೆ ಹೇಳಿದರೆ ನೇತ್ರಕ್ಕೆ ಸಲ್ಲಬೇಕಾದುದು ಸಂದಂತಾಯಿತು.

ಎರಡು ಹೊತ್ತಿನ ಅನ್ನಕ್ಕೆ ಕಷ್ಟಪಡುವವರಿರುವಾಗ ಕಲೆ ವಿಹಾರಗಳ ಮಾತು ಸಲ್ಲದೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ತಿರುಳಿದೆ, ದುಂದುಗಾರಿಕೆಯನ್ನೂ ಆಡಂಬರವನ್ನೂ ಅದು ಸರಿಯಾಗಿಯೇ ಖಂಡಿಸುತ್ತದೆ. ಆದರೆ ನೇಕಾರನ, ಚಿತ್ರಗಾರನ, ನಾಟಕದವನ ಹೊಟ್ಟೆಯು ನಮ್ಮ ವೈರಾಗ್ಯದಿಂದ ತುಂಬುವದಿಲ್ಲ. ಕಿನ್ನಾಳದ ಮರದ ಗೊಂಬೆಯನ್ನು ನ್ಯಾಯವಾದ ಬೆಲೆಗೆ ಕೊಂಡು ಮಗುವಿನ ಕೈಗೆ ಕೊಟ್ಟರೆ ಎರಡು ಮನೆಗಳಲ್ಲಿ ಸಂತೋಷವಾಗುತ್ತದೆ. ಬನಶಂಕರಿಯ ಜಾತ್ರೆಯಲ್ಲಿ ಟಿಕೀಟು ಕೊಂಡು ನಾಟಕ ನೋಡಿದರೆ ಬಣ್ಣ ಹಚ್ಚಿದವನ ಒಲೆಯೂ ಉರಿಯುತ್ತದೆ. ಮೇಲಾಗಿ ಈ ಸವಿಗಳಿಗೆ ಸಿರಿವಂತಿಕೆಯೇ ಬೇಕೆಂದಿಲ್ಲ. ಚರಗದ ಊಟಕ್ಕೆ ಅರಮನೆ ಬೇಡ.

ಮಿತಿಯ ಮಾತೊಂದು ಉಳಿಯಿತು. ಆಯ್ದಕ್ಕಿಯ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹೇಳಿದ ಕಥೆಯನ್ನು ನಾವೆಲ್ಲ ಬಲ್ಲೆವು. ಆಕೆ ಅನ್ನವನ್ನು ನಿರಾಕರಿಸಲಿಲ್ಲ, ಅಳತೆಯನ್ನು ಕಾಯ್ದಳು. ಐದು ಇಂದ್ರಿಯಗಳ ದ್ರವ್ಯಗಳು ಹೊರಗಿನಿಂದ ಬರುತ್ತವೆ. ಆರನೆಯದಾದ ತೃಪ್ತಿಯನ್ನು ಅಂಗಡಿಯಲ್ಲಿ ಕೊಳ್ಳಲಾಗದು. ಪ್ರತಿ ರವಿವಾರವೂ ಹೊಸ ಊರು, ಹೊಸ ತಿನಿಸು, ಹೊಸ ಸೀರೆ ಬೇಕೆನಿಸಿ ಸೋಮವಾರ ಮನಸ್ಸು ಬರಿದಾದರೆ, ದ್ರವ್ಯಗಳು ಸಂದಿವೆ, ಮಹಾಲಿಂಗವು ಉಪವಾಸವಿದೆ ಎಂದು ತಿಳಿಯಬೇಕು.

ಆದುದರಿಂದ ಮಕ್ಕಳು ವಿಹಾರವನ್ನು ಕೇಳಿದಾಗ ಹಿರಿಯರು ಬೇಡವೆನ್ನಬಾರದು, ಹಣ ಕೊಟ್ಟು ಕಳಿಸಲೂಬಾರದು. ತಾವೇ ಜೊತೆಗೆ ಹೋಗಬೇಕು. ರೊಟ್ಟಿ ತಟ್ಟಿದವಳನ್ನು ಅವ್ವಾ ಎಂದು ಕರೆಯುವದನ್ನು, ಕೇಳಿದ ನ್ಯಾಯವಾದ ಬೆಲೆಯನ್ನು ಕೈಯಲ್ಲಿಡುವದನ್ನು, ಎಲೆಯಲ್ಲಿ ಅಗುಳು ಬಿಡದೆ ಉಣ್ಣುವದನ್ನು, ಸಾಕೆನ್ನುವದನ್ನು ಮಕ್ಕಳು ನಮ್ಮನ್ನು ನೋಡಿ ಕಲಿಯಲಿ. ಇಷ್ಟನ್ನು ಕಲಿತ ಮಗುವಿಗೆ ಪ್ರಸಾದವೆಂದರೇನೆಂದು ಬೇರೆ ಪಾಠ ಹೇಳಬೇಕಾಗುವದಿಲ್ಲ.